ಇಳಿಯಲಿ ಎಂದು ಕಾದವನು

ಹಾವು ಕಂಡರೆ ಅಂಜುತ್ತೇವೆ. ಕತ್ತಲೆಗೆ ಅಂಜುತ್ತೇವೆ. ಸಾವಿಗೆ ಅಂಜುತ್ತೇವೆ. ಈ ಅಂಜಿಕೆಗಳು ಬಂದಾಗ ಬಂದವು ಎಂದು ಗೊತ್ತಾಗುತ್ತದೆ. ಮೈ ಬೆವರುತ್ತದೆ, ಕೂಗಿಕೊಳ್ಳುತ್ತೇವೆ, ಪಕ್ಕದ ಮನೆಯವರು ಓಡಿ ಬರುತ್ತಾರೆ. ಆದರೆ ಶರಣರೇ, ಇನ್ನೊಂದು ಅಂಜಿಕೆಯಿದೆ. ಅದು ಬರುವಾಗ ಅಂಜಿಕೆಯ ಹಾಗೆ ಕಾಣುವುದೇ ಇಲ್ಲ, ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ. ನಾವೇ ಬಾಗಿಲು ತೆಗೆದು, ಕುರ್ಚಿ ಹಾಕಿ, ಕೂಡಿಸಿಕೊಳ್ಳುತ್ತೇವೆ. ಇವತ್ತು ಆ ಅಂಜಿಕೆಯ ಮಾತು.

ಒಂದೂರಲ್ಲಿ ಒಬ್ಬನಿದ್ದ. ಅವನನ್ನು ಶ್ರೀಮಂತ ಎನ್ನಬೇಕೋ ಬೇಡವೋ, ಕೇಳಿದ ಮೇಲೆ ನೀವೇ ಹೇಳಿ. ಊರಿನ ಹೆಸರು ಬೇಡ. ಅವನನ್ನು ಮುರಿಗೆಪ್ಪ ಎಂದು ಕರೆಯೋಣ.

ಮುರಿಗೆಪ್ಪ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ. ಮದುವೆಯ ಫೋಟೋ, ದೇವರ ಫೋಟೋ, ತೀರಿಹೋದ ಹಿರಿಯರ ಫೋಟೋ. ಗಾಜು ಕೊಯ್ಯುವಾಗ ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮಾರಿದ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದವಳು ಅವನ ಅಕ್ಕ ದಾನಮ್ಮ. ಅವಳಿಗೂ ಗಂಡನಿಲ್ಲ. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಮುಕ್ಕಾಲು ತಿಂದುಹಾಕಿತ್ತು. ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎನ್ನುವಷ್ಟು ಬೆಳಕು ಉಳಿದಿತ್ತು, ಅಷ್ಟೇ.

ಆದರೆ ದಾನಮ್ಮ ಬರಿಗೈಯಲ್ಲಿ ತವರಿಗೆ ಬಂದವಳಲ್ಲ. ಅವಳ ಗಂಡ ನೀರೆತ್ತುವ ಪಂಪು ಮಾಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಉಳಿಸಿದ್ದನ್ನೆಲ್ಲ ಅದೇ ಕಂಪನಿಯ ಷೇರಿಗೆ ಹಾಕಿದ್ದ. ನೋಡಿ, ಅದು ಒಳ್ಳೆಯ ಕಂಪನಿ. ವರ್ಷಕ್ಕೆರಡು ಸಲ ತನ್ನ ಲಾಭದಲ್ಲಿ ಷೇರುದಾರರಿಗೆ ಪಾಲು ಕೊಡುತ್ತಿತ್ತು. ಡಿವಿಡೆಂಡ್ ಎನ್ನುತ್ತಾರಲ್ಲ, ಅದು. ಆ ಪಾಲೂ ವರ್ಷವರ್ಷ ಸ್ವಲ್ಪ ಹೆಚ್ಚುತ್ತಿತ್ತು, ಷೇರಿನ ಬೆಲೆಯೂ ನಿಧಾನವಾಗಿ ಬೆಳೆಯುತ್ತಿತ್ತು. ದಾನಮ್ಮ ಆ ಷೇರುಗಳನ್ನೆಲ್ಲ ತಮ್ಮನ ಹೆಸರಿಗೆ ಮಾಡಿಕೊಟ್ಟಳು. "ನನಗ ಕಣ್ಣಿಲ್ಲ, ನಿನಗ ಐತಿ. ನೀ ನೋಡ್ಕೋ ತಮ್ಮಾ," ಎಂದಳು. ಮುರಿಗೆಪ್ಪ ಅಂಗಡಿ ಮಾರಿದ ದುಡ್ಡನ್ನೂ ಅದಕ್ಕೇ ಹಾಕಿದ. ಬಂದ ಡಿವಿಡೆಂಡಿನಲ್ಲಿ ಬಾಡಿಗೆ, ರೇಷನ್, ಅಕ್ಕನ ಇನ್ಸುಲಿನ್. ಇಬ್ಬರ ಜೀವನ ಹಾಯಾಗಿ ಸಾಗಿತ್ತು. ಷೇರಿನ ಬೆಲೆ ಇವತ್ತು ಎಷ್ಟಿದೆ ಎಂದು ಅವನು ನೋಡುತ್ತಲೂ ಇರಲಿಲ್ಲ. ಯಾಕೆ ನೋಡಬೇಕು? ಮಾರುವವನಿಗೆ ಬೆಲೆ ಬೇಕು. ಅವನು ಮಾರುವವನಾಗಿರಲಿಲ್ಲ.

ಹೀಗಿರುವಾಗ ಅವನ ಗೆಳೆಯನೊಬ್ಬ ಸಿಕ್ಕ. ಗುರುಬಸಪ್ಪ ಅಂತ. ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೋಸಗಾರನಲ್ಲ. ತನಗೆ ಒಳ್ಳೆಯದು ಅನ್ನಿಸಿದ್ದನ್ನು ಗೆಳೆಯನಿಗೆ ಹೇಳಿದ, ಅಷ್ಟೇ. ಇಬ್ಬರೂ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಗುರುಬಸಪ್ಪ ಫೋನು ತೆಗೆದು ತೋರಿಸಿದ.

"ನೋಡು ಮುರಿಗೆಪ್ಪಾ, ಇಂಥಾ ದಿನ ಷೇರು ಯಾರ ಹೆಸರಿನ್ಯಾಗ ಇರ್ತೈತೋ ಅವರಿಗೆ ಡಿವಿಡೆಂಡ್ ಅಂತ ಕಂಪನಿ ಹೇಳ್ತೈತಿ. ಆ ದಿನದ ಮುಂಚೆ ಮಂದಿ ಮುಗಿಬಿದ್ದು ತೊಗೊಂತಾರ, ರೇಟ್ ಏರ್ತೈತಿ. ದಿನ ದಾಟಿದ್ಮ್ಯಾಲೆ ಇಳಿತೈತಿ. ಪ್ರತಿ ಸಲನೂ ಇದ ಆಟ."

"ಆದ್ರ ನನಗೇನು?" ಎಂದ ಮುರಿಗೆಪ್ಪ.

"ಏರಿದಾಗ ಮಾರು, ಇಳಿದಾಗ ತೊಗೋ. ಡಿವಿಡೆಂಡಿಗಿಂತ ಜಾಸ್ತಿ ಉಳಿತೈತಿ, ಷೇರೂ ತಿರುಗಿ ನಿನ್ನ ಕೈಗೇ ಬರ್ತಾವು. ನೀ ಸುಮ್ನ ಕೂತು ಕಳ್ಕೊಳಾಕತ್ತೀ."

ಶರಣರೇ, ಈ ಮಾತನ್ನು ಇನ್ನೊಮ್ಮೆ ಕೇಳಿ. ಸುಮ್ಮನೆ ಕೂತು ಕಳೆದುಕೊಳ್ಳುತ್ತಿದ್ದೀ. ಆ ದಿನದವರೆಗೆ ಮುರಿಗೆಪ್ಪ ಏನು ಕಳೆದುಕೊಂಡಿದ್ದ? ಒಂದು ತುತ್ತು ಅನ್ನ ಕಳೆದುಕೊಂಡಿದ್ದನೇ? ಅಕ್ಕನ ಔಷಧಿ ಒಂದು ದಿನ ತಪ್ಪಿತ್ತೇ? ಏನೂ ಕಳೆದುಕೊಂಡಿರಲಿಲ್ಲ. ಆದರೆ ಹೋಟೆಲಿನಿಂದ ಮನೆಗೆ ನಡೆದು ಬರುವಾಗ ಅವನಿಗೆ ಎಲ್ಲ ಕಳೆದುಹೋಗುತ್ತಿದೆ ಅನ್ನಿಸಿತು. ಕಳೆದ ವರ್ಷ ಎಷ್ಟು ಹೋಯಿತು, ಅದರ ಹಿಂದಿನ ವರ್ಷ ಎಷ್ಟು ಹೋಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ತನ್ನದಾಗದ ದುಡ್ಡಿಗೆ ಮನುಷ್ಯ ಹೊಟ್ಟೆ ಉರಿದುಕೊಳ್ಳುತ್ತಾನಲ್ಲ, ಅದೇ ಮೊದಲ ಮೆಟ್ಟಿಲು.

ಮೊದಲ ಸಲ ಗುರುಬಸಪ್ಪ ಹೇಳಿದಂತೆಯೇ ಆಯಿತು. ಏರಿತು, ಮಾರಿದ. ಇಳಿಯಿತು, ಕೊಂಡ. ಕೈಯಲ್ಲಿ ಡಿವಿಡೆಂಡಿಗಿಂತ ಹೆಚ್ಚು ಉಳಿಯಿತು. ಅಕ್ಕನಿಗೊಂದು ಮೆತ್ತನೆಯ ಹಾಸಿಗೆ ತಂದ. ದಾನಮ್ಮ ಅದನ್ನು ಕೈಯಿಂದ ಸವರಿ ನೋಡಿ, "ಇಷ್ಟ್ಯಾಕ ಖರ್ಚು ಮಾಡಿದಿ?" ಎಂದಳು. ಎರಡನೆಯ ಸಲವೂ ಹಾಗೆಯೇ ಗೆದ್ದ.

ಆದರೆ ಮನೆಯಲ್ಲಿ ಏನು ಬದಲಾಯಿತು ಗೊತ್ತೇ? ಮುಂಚೆ ಬೆಳಿಗ್ಗೆ ಪೂಜೆಗೆ ಕೂತರೆ ಮುರಿಗೆಪ್ಪನಿಗೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಈಗ ಬಜಾರು ತೆರೆಯುವ ಹೊತ್ತಾಯಿತೆಂದು ಅಂಗೈಯಲ್ಲಿ ಇಷ್ಟಲಿಂಗ ಇದ್ದಾಗಲೇ ಕಣ್ಣು ಫೋನಿನ ಕಡೆ ಹೋಗುತ್ತಿತ್ತು. ಮುಂಚೆ ಅಕ್ಕನ ಜೊತೆ ಕೂತು ಊಟ ಮಾಡುತ್ತಿದ್ದ. ಈಗ ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಫೋನು. ಬೆಲೆ ಏರಿದರೆ ಇಳಿದೀತೆಂದು ಅಂಜಿಕೆ, ಇಳಿದರೆ ಇನ್ನೂ ಇಳಿದೀತೆಂದು ಅಂಜಿಕೆ. ಏನೂ ಆಗದಿದ್ದರೆ ಏನೋ ಆಗಲಿದೆ ಎಂಬ ಅಂಜಿಕೆ. ಸೋತು ಅಂಜಿದ್ದರೆ ಅರ್ಥವಿತ್ತು. ಗೆದ್ದ ಮೇಲೆ ಅಂಜಿಕೆ ಬಂತು.

ಮೂರನೆಯ ಸಲ ಬಂತು. ಬೇಸಿಗೆಯ ಡಿವಿಡೆಂಡ್. ಹಿಂದೆ ಅರ್ಧದಷ್ಟು ಮಾರುತ್ತಿದ್ದವನು ಈ ಸಲ ಒಂದನ್ನೂ ಉಳಿಸದೆ ಮಾರಿದ. ಅಕ್ಕನ ಗಂಡ ದುಡಿದು ಇಟ್ಟದ್ದು, ಅಂಗಡಿಯ ದುಡ್ಡು, ಎಲ್ಲ. ದುಡ್ಡು ಬ್ಯಾಂಕಿಗೆ ಬಂದು ಕೂತಿತು. ಇನ್ನು ದಿನ ದಾಟಬೇಕು, ಬೆಲೆ ಇಳಿಯಬೇಕು, ಕೊಳ್ಳಬೇಕು.

ದಿನ ದಾಟಿತು. ಬೆಲೆ ಇಳಿಯಲಿಲ್ಲ.

ಕಂಪನಿಗೆ ಹೊರದೇಶದ ದೊಡ್ಡದೊಂದು ಆರ್ಡರ್ ಸಿಕ್ಕಿತ್ತು. ಎಂದಿನ ಡಿವಿಡೆಂಡಿನ ಜೊತೆಗೆ ವಿಶೇಷ ಡಿವಿಡೆಂಡನ್ನೂ ಕೊಟ್ಟಿತು. ಷೇರು ಇದ್ದವರಿಗೆಲ್ಲ ಬಂತು. ಮುರಿಗೆಪ್ಪನಿಗೆ ಬರಲಿಲ್ಲ. ಎಲ್ಲಿಂದ ಬರಬೇಕು? ಅವನ ಹತ್ತಿರ ಒಂದು ಷೇರೂ ಇರಲಿಲ್ಲ. ಬೆಲೆ ಏರಿತು, ಮರುದಿನ ಮತ್ತೆ ಏರಿತು.

"ಈಗ ತೊಗೊಂಡ್ಬಿಡ್ಲಾ?" ಎಂದು ಅವನು ಗುರುಬಸಪ್ಪನಿಗೆ ಫೋನು ಮಾಡಿ ಕೇಳಿದ.

"ಇಷ್ಟು ಮ್ಯಾಲೆ ಹೋದಾಗ ಯಾರರ ತೊಗೊಂತಾರೇನು? ಇಳಿತೈತಿ. ತಡಿ."

ತಡೆದ. ವಾರ ಕಳೆಯಿತು, ತಿಂಗಳು ಕಳೆಯಿತು. ಮಾರಿದ ದುಡ್ಡಿಗೆ ಮೊದಲಿದ್ದಷ್ಟು ಷೇರು ಈಗ ಬರುತ್ತಿರಲಿಲ್ಲ. ಮುಕ್ಕಾಲು ಪಾಲು ಬಂದರೆ ಹೆಚ್ಚು. ಕೊಂಡರೆ ನಷ್ಟ ಖರೆಯಾಗುತ್ತದೆ ಎಂದು ಅಂಜಿಕೆ. ಕೊಳ್ಳದಿದ್ದರೆ ಇನ್ನೂ ದೂರ ಹೋಗುತ್ತದೆ ಎಂದು ಅಂಜಿಕೆ. ಬ್ಯಾಂಕಿನಲ್ಲಿದ್ದ ದುಡ್ಡನ್ನು ಮುಟ್ಟಲೂ ಅಂಜಿಕೆ. ಸಾವಿರ ತೆಗೆದರೆ ಅಷ್ಟು ಷೇರು ಕಡಿಮೆ ಬಂತು ಎಂದೇ ಅವನಿಗೆ ಕಾಣುತ್ತಿತ್ತು. ಆ ದುಡ್ಡು ಅವನ ಕಣ್ಣಿಗೆ ಊಟದ ದುಡ್ಡಾಗಿ ಉಳಿದೇ ಇರಲಿಲ್ಲ.

ದಾನಮ್ಮ ಒಂದು ದಿನ ಕೇಳಿದಳು. "ತಮ್ಮಾ, ಬ್ಯಾಸಗಿ ಡಿವಿಡೆಂಡ್ ಬಂತೇನು?"

"ಬಂತಕ್ಕಾ," ಎಂದ ಮುರಿಗೆಪ್ಪ.

ಹೇಳಿದ್ದು ಒಂದೇ ಮಾತು. ನೋಡಿ, ಕಣ್ಣಿದ್ದವರಿಗೆ ಮುಖ ಕಾಣುತ್ತದೆ, ಮುಖವನ್ನು ಹೇಗೋ ಹೊಂದಿಸಿಕೊಳ್ಳಬಹುದು. ಕಣ್ಣಿಲ್ಲದವರಿಗೆ ದನಿ ಮಾತ್ರ ಕೇಳುತ್ತದೆ. ಆ ದನಿಯಲ್ಲಿ ಏನಿತ್ತೋ, ದಾನಮ್ಮ ಮತ್ತೆ ಆ ಮಾತು ತೆಗೆಯಲಿಲ್ಲ.

ಮನೆಯಲ್ಲಿ ಹಾಲು ಅರ್ಧಕ್ಕಿಳಿಯಿತು. ಪಾತ್ರೆ ತಿಕ್ಕಲು ಬರುತ್ತಿದ್ದ ಹೆಣ್ಣುಮಗಳನ್ನು ಬಿಡಿಸಿದ. ಕಾಯಿಪಲ್ಲೆ ಎರಡು ದಿನಕ್ಕೊಮ್ಮೆ ಆಯಿತು. "ಈಗ ಸೆಕಿ ಕಡಿಮಿ ಐತಿ," ಎಂದು ಫ್ಯಾನು ಆರಿಸುತ್ತಿದ್ದ. ಮೇ ತಿಂಗಳು ಅದು. ದಾನಮ್ಮ ಬೆವರಿನಲ್ಲಿ ತೊಯ್ದು ಕೂತಿದ್ದಳು. ಆದರೆ "ಹೌದು, ಕಡಿಮಿ ಆಗೇತಿ," ಎಂದಳು.

ಅವಳು ಏನು ತಿಳಿದುಕೊಂಡಳು? ಎಲ್ಲ ಹೋಯಿತು ಎಂದು ತಿಳಿದುಕೊಂಡಳು. ನನ್ನ ತಮ್ಮ ಎಲ್ಲ ಕಳೆದುಕೊಂಡಿದ್ದಾನೆ, ನಾಚಿಕೆಗೆ ಹೇಳಲಾರದೆ ಒದ್ದಾಡುತ್ತಿದ್ದಾನೆ, ಕೇಳಿದರೆ ಏನು ಮಾಡಿಕೊಳ್ಳುತ್ತಾನೋ ಎಂದು ತಿಳಿದುಕೊಂಡಳು. ಅವನ ಅಂಜಿಕೆ ಅವಳಿಗೆ ಅಂಟಿತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅಂಜುತ್ತ ಕೂತರು.

ದಾನಮ್ಮ ಇನ್ಸುಲಿನ್ನನ್ನು ತಾನೇ ಚುಚ್ಚಿಕೊಳ್ಳುತ್ತಿದ್ದಳು. ಈಗ ಪೆನ್ನಿನಂಥದ್ದು ಬರುತ್ತದಲ್ಲ, ಹಿಂದಿನ ಗುಂಡಿ ತಿರುವಿದರೆ ಟಿಕ್ ಟಿಕ್ ಎನ್ನುತ್ತದೆ. ಕಣ್ಣು ಕಾಣದಿದ್ದರೂ ಸದ್ದು ಎಣಿಸಿ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳುವುದನ್ನು ಡಾಕ್ಟರು ಕಲಿಸಿದ್ದರು. ದಾನಮ್ಮ ಎಣಿಸುವ ಸದ್ದುಗಳನ್ನು ಕಡಿಮೆ ಮಾಡಿದಳು. ಮೊದಲು ಸ್ವಲ್ಪ, ಆಮೇಲೆ ಅರ್ಧ. ಔಷಧಿ ಉಳಿದರೆ ತಮ್ಮನಿಗೆ ಅಷ್ಟು ಭಾರ ಇಳಿಯಿತು ಎಂದುಕೊಂಡಳು.

ಇನ್ನು ಹೇಳುವ ಮಾತು ಬಹಳ ಕಠಿಣ, ಆದರೂ ಕೇಳಿ. ಪೆನ್ನು ಎಂದಿಗಿಂತ ಹೆಚ್ಚು ದಿನ ಬರುತ್ತಿರುವುದು ಮುರಿಗೆಪ್ಪನಿಗೆ ಗೊತ್ತಾಯಿತು. ಔಷಧಿ ಅಂಗಡಿಗೆ ಹೋಗುವ ದಿನ ಮುಂದೆ ಹೋಗುತ್ತಿದೆ ಎಂದು ಗೊತ್ತಾಯಿತು. ಯಾಕೆ ಎಂದು ಅವನು ಕೇಳಲಿಲ್ಲ. ಸದ್ಯ ಈ ತಿಂಗಳು ಅಷ್ಟು ಉಳಿಯಿತು ಎಂದು ಅವನ ಎದೆ ಹಗುರಾಯಿತು. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವಳು. ಅಂಥವಳ ಔಷಧಿ ಉಳಿದದ್ದಕ್ಕೆ ಅವನ ಎದೆ ಹಗುರಾಯಿತು. ಅಂಜಿಕೆ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಸಕ್ಕರೆ ಏರಿ ಬಾಯಾರಿಕೆ ಹೆಚ್ಚಿತು, ದಾನಮ್ಮ ಮೇಲಿಂದ ಮೇಲೆ ನೀರು ಕುಡಿಯತೊಡಗಿದಳು. ಕೊಡದ ಮುಂದೆಯೇ ಕೂಡುತ್ತಿದ್ದಳು. ಒಂದು ದಿನ ಕಾದ ಬೋಗುಣಿ ಜಾರಿ ಕಾಲಿನ ಮೇಲೆ ಬಿತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಅವಳು ಸೀರೆಯ ಅಂಚಿನಿಂದ ಒರೆಸಿಕೊಂಡು ಸುಮ್ಮನಾದಳು. ಗಾಯ ಒಳಗೊಳಗೇ ಕಪ್ಪಾಯಿತು. ಮನೆಯಲ್ಲಿ ಏನೋ ವಾಸನೆ ಎಂದು ಮುರಿಗೆಪ್ಪನಿಗೆ ಅನ್ನಿಸಿತ್ತು. ಮೋರಿ ಕಟ್ಟಿಕೊಂಡಿರಬೇಕು ಎಂದುಕೊಂಡ.

ಕೊನೆಗೂ ಬೆಲೆ ಇಳಿಯುವ ದಿನ ಬಂತು. ಒಂದು ಸೋಮವಾರ ಬಜಾರು ತೆರೆಯುತ್ತಲೇ ಎಲ್ಲ ಷೇರುಗಳೂ ಬಿದ್ದವು, ಪಂಪಿನ ಕಂಪನಿಯದೂ ಬಿತ್ತು. ಮುರಿಗೆಪ್ಪ ಹೊರಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅಂಗೈ ಬೆವೆತು ಫೋನು ಜಾರುತ್ತಿತ್ತು. ಎಷ್ಟಕ್ಕೆ ಕೊಳ್ಳಬೇಕೆಂದು ಮನಸ್ಸಿನಲ್ಲಿ ಒಂದು ಬೆಲೆ ಇಟ್ಟುಕೊಂಡಿದ್ದ, ಗುರುಬಸಪ್ಪನಿಗೂ ಹೇಳಿದ್ದ. ಇನ್ನೇನು ಅಲ್ಲಿಗೆ ಬರುತ್ತದೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ.

ಒಳಗಿನಿಂದ ಕರೆದದ್ದು ಕೇಳಿಸಿತು. "ತಮ್ಮಾ."

"ಬಂದೆ ಅಕ್ಕಾ, ಒಂದ್ನಿಮಿಷ."

ಬೆಲೆ ಇಳಿಯಿತು, ನಿಂತಿತು, ಒಂದಿಷ್ಟು ಏರಿತು.

"ತಮ್ಮಾ, ನೀರು."

"ಬಂದೆನಬೇ. ಒಂದ್ನಿಮಿಷ ತಡಿ."

ಮತ್ತೆ ಇಳಿಯಿತು. ಮುಂದೆ ಅವಳು ಕರೆದಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಆ ಒಂದು ನಿಮಿಷ ಎಷ್ಟು ಹೊತ್ತಾಗಿತ್ತು ಎಂದೂ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಮನೆ ಬಹಳ ಶಾಂತವಾಗಿದೆ ಅನ್ನಿಸಿತು. ಆ ಶಾಂತಿಗೆ ಅವನು ಅಂಜಿದ. ಇಷ್ಟು ತಿಂಗಳು ಅಂಜಿದ ಅಂಜಿಕೆಯಲ್ಲ, ಬೇರೆ ಅಂಜಿಕೆ. ಎದ್ದು ಒಳಗೆ ಹೋದ.

ದಾನಮ್ಮ ಕೊಡದ ಪಕ್ಕದಲ್ಲಿ ಬಿದ್ದಿದ್ದಳು. ತುಟಿ ಒಣಗಿ ಸೀಳಿತ್ತು. ಕಣ್ಣು ಅರೆ ತೆರೆದಿತ್ತು, ಏನೇನೋ ಬಡಬಡಿಸುತ್ತಿದ್ದಳು. ಎತ್ತಲು ಹೋದವನಿಗೆ ಆ ಪಾದ ಕಂಡಿತು. ವಾಸನೆ ಎಲ್ಲಿಂದ ಬರುತ್ತಿತ್ತು ಎಂದು ಆಗ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆ ನೋಡಿ ಅವನನ್ನು ಪಕ್ಕಕ್ಕೆ ಕರೆದಳು. "ಇವರ ಇನ್ಸುಲಿನ್ ಯಾರು ಕಡಿಮಿ ಮಾಡಿದ್ರು?"

"ಯಾರೂ ಮಾಡಿಲ್ರೀ. ತಾನ ತೊಗೊಂತಾಳ."

"ಭಾಳ ದಿನದಿಂದ ಸರಿಯಾಗಿ ತೊಗೊಂಡಿಲ್ಲ. ಮನ್ಯಾಗ ನೀವೊಬ್ರ ಇರೋದಲ್ಲಾ? ನಿಮಗ ಗೊತ್ತಾಗಲಿಲ್ಲೇನ್ರೀ?"

ಮುರಿಗೆಪ್ಪನಿಗೆ ಗೊತ್ತಾಗಿತ್ತಲ್ಲ. ಪೆನ್ನು ಉಳಿಯುತ್ತಿರುವುದು ಗೊತ್ತಾಗಿತ್ತಲ್ಲ.

ಸಂಜೆಗೆ ಗುರುಬಸಪ್ಪ ಎಳನೀರು ಹಿಡಿದುಕೊಂಡು ಓಡಿ ಬಂದ. ವರಾಂಡದ ಬೆಂಚಿನ ಮೇಲೆ ಗೆಳೆಯನ ಪಕ್ಕ ಕೂತ. ಅಕ್ಕ ಹೇಗಿದ್ದಾಳೆ ಎಂದು ಕೇಳಿದ, ಕಣ್ಣೀರೂ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ ಅಂದ. "ಇವತ್ತ ಮಧ್ಯಾಹ್ನ ನೀ ಹೇಳಿದ ರೇಟಿಗೆ ಬಂದಿತ್ತು. ತೊಗೊಂಡ್ಯೇನು?"

ಮುರಿಗೆಪ್ಪ ಅವನ ಮುಖ ನೋಡಿದ. ಗುರುಬಸಪ್ಪನ ಕಣ್ಣು ಕೆಂಪಗಿದ್ದವು, ಗಲ್ಲ ಒಳಗೆ ಹೋಗಿದ್ದವು, ಬೆರಳು ಫೋನಿನ ಮೇಲೆ ಸುಮ್ಮನೆ ಓಡಾಡುತ್ತಿದ್ದವು. ಇಷ್ಟು ದಿನ ನನ್ನ ಮುಖವೂ ಹೀಗೇ ಇದ್ದಿರಬೇಕು ಎಂದು ಮುರಿಗೆಪ್ಪನಿಗೆ ಅನ್ನಿಸಿತು. ಎದ್ದು ಒಳಗೆ ಹೋದ.

ದಾನಮ್ಮನಿಗೆ ಪೂರ್ತಿ ಎಚ್ಚರ ಬರಲು ಎರಡು ದಿನ ಹಿಡಿಯಿತು. ತಮ್ಮ ಪಕ್ಕದಲ್ಲಿ ಕೂತದ್ದು ಅವಳಿಗೆ ಹೇಗೋ ತಿಳಿಯಿತು.

"ಈ ದವಾಖಾನಿ ಖರ್ಚಿಗೆ ಏನು ಮಾಡ್ತೀ?" ಇದು ಅವಳ ಮೊದಲ ಮಾತು. "ನನ್ನ ಕಿವ್ಯಾಗಿಂದು ಮಾರು. ಮುಚ್ಚಿಡಬ್ಯಾಡ ತಮ್ಮಾ, ನನಗ ಎಲ್ಲಾ ಗೊತ್ತಾಗೇತಿ. ಎಲ್ಲಾ ಹೋತು ಹೌದಲ್ಲೋ?"

"ಏನೂ ಹೋಗಿಲ್ಲಕ್ಕಾ."

"ಸುಳ್ಳು ಹೇಳಬ್ಯಾಡ."

"ಆಣಿ ಮಾಡಿ ಹೇಳ್ತೀನಿ. ರೊಕ್ಕ ಎಲ್ಲಾ ಬ್ಯಾಂಕಿನ್ಯಾಗ ಐತಿ. ನಾ ಷೇರು ಮಾರಿದ್ದೆ. ಅಗ್ಗ ಆದ್ಮ್ಯಾಲೆ ತಿರುಗಿ ತೊಗೊಳ್ಳೋಣು ಅಂತ ಕಾಯಾಕತ್ತಿದ್ದೆ."

ದಾನಮ್ಮ ಕೈ ಚಾಚಿ ತಮ್ಮನ ಕೈ ಹುಡುಕಿ ಹಿಡಿದಳು. ಆಮೇಲೆ ಕೇಳಿದಳು.

"ರೊಕ್ಕ ಇತ್ತು?"

"ಇತ್ತಕ್ಕಾ."

"ಹಂಗಾದ್ರ ಯಾಕ ಅಂಜಿದಿ?"

ಬೈದಿದ್ದರೆ ಸಹಿಸುತ್ತಿದ್ದ. ಅತ್ತಿದ್ದರೆ ಕಾಲು ಹಿಡಿಯುತ್ತಿದ್ದ. ಅವಳು ತಿಳಿಯದೆ ಕೇಳಿದಳು, ಅರ್ಥವಾಗದೆ ಕೇಳಿದಳು. ಬ್ಯಾಂಕಿನಲ್ಲಿ ದುಡ್ಡಿತ್ತು, ಮನೆಯಲ್ಲಿ ಹಾಲಿರಲಿಲ್ಲ. ಬ್ಯಾಂಕಿನಲ್ಲಿ ದುಡ್ಡಿತ್ತು, ಅಕ್ಕನ ಮೈಯಲ್ಲಿ ಔಷಧಿ ಇರಲಿಲ್ಲ. ಯಾವ ಕಳ್ಳನೂ ಬಂದಿರಲಿಲ್ಲ, ಯಾವ ಕಂಪನಿಯೂ ಮುಳುಗಿರಲಿಲ್ಲ.

ಡಾಕ್ಟರಮ್ಮ ಪಾದ ಉಳಿಯುವುದಿಲ್ಲ ಎಂದಳು. ಮೊಣಕಾಲಿನ ಕೆಳಗೆ ತೆಗೆದರು. ಒಪ್ಪಿಗೆಯ ಸಹಿ ಹಾಕಿದವನು ಮುರಿಗೆಪ್ಪ. ದಾನಮ್ಮ ಬದುಕಿದಳು. ಈಗಲೂ ಇದ್ದಾಳೆ. ಆಪರೇಷನ್ ಆದ ವಾರ ಮುರಿಗೆಪ್ಪ ಅವಳ ಹಾಸಿಗೆಯ ಪಕ್ಕದಲ್ಲಿ ಕೂತು, ಅವತ್ತು ಯಾವ ಬೆಲೆ ಇತ್ತೋ ಅದೇ ಬೆಲೆಗೆ ಷೇರು ಕೊಂಡ. ಮೊದಲಿದ್ದಷ್ಟು ಬರಲಿಲ್ಲ. ಎಷ್ಟು ಕಡಿಮೆ ಬಂದವು, ತನ್ನಿಂದ ಎಷ್ಟು ಹೋಯಿತು, ಅಕ್ಕನಿಗೆ ಬಾಯಿಬಿಟ್ಟು ಹೇಳಿದ. ಅವಳು ಕೇಳಿಸಿಕೊಂಡು, "ಉಂಡು ತಿನ್ನಾಕ ಸಾಕಾಗ್ತೈತೇನು?" ಎಂದಳು. ಸಾಕಾಗುತ್ತಿತ್ತು. ಅದಾದ ಮೇಲೆ ಅವನು ಮಾರಿಲ್ಲ. ಡಿವಿಡೆಂಡ್ ಬಂದ ದಿನ ಮೊದಲು ಅಕ್ಕನಿಗೆ ಹೇಳುತ್ತಾನೆ. ಆದರೆ ಒಂದು ಮಾತು. ಒಳಗಿನಿಂದ ಅವಳು "ತಮ್ಮಾ" ಎಂದರೆ ಇವತ್ತಿಗೂ ಅವನು ಬೆಚ್ಚಿ ಬೀಳುತ್ತಾನೆ. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಾನೆ. ಆ ಅಂಜಿಕೆ ಅವನನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಈಗ ನಿಮ್ಮ ಕಡೆ ಬರೋಣ.

ಷೇರು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಪಾಲು ಕೊಡುವ, ಬೆಳೆಯುವ ಕಡೆ ದುಡ್ಡು ಹಾಕುವುದು ಪಾಪವಲ್ಲ. ದಾನಮ್ಮನ ಗಂಡ ಹಾಕಿದ್ದ, ಅದು ಎರಡು ಜೀವಗಳನ್ನು ಸಾಕಿತು. ನಾನು ಕೇಳುವುದು ಬೇರೆ. ನಿಮ್ಮ ಊಟದ ದುಡ್ಡನ್ನು, ನಿಮ್ಮನ್ನು ನಂಬಿದವರ ಔಷಧಿಯ ದುಡ್ಡನ್ನು ಏರಿಳಿತಕ್ಕೆ ಕಟ್ಟಿ ಕಾಯುತ್ತ ಕೂತಿದ್ದೀರಾ? ಸರಿಯಾದ ಗಳಿಗೆ ನನಗೇ ಸಿಗುತ್ತದೆ ಎಂದು ನಂಬಿದ್ದೀರಾ? ನಾಳೆ ಏನಾಗುತ್ತದೆ ಎಂದು ಶಿವ ಯಾರ ಕಿವಿಯಲ್ಲಿ ಹೇಳಿದ್ದಾನೆ? ಷೇರಿಲ್ಲದವರೂ ನಗಬೇಡಿ. ಪ್ಲಾಟಿನ ರೇಟು ಏರಲಿ ಎಂದು ಕಾಯುವವರಿದ್ದೀರಿ, ಬಂಗಾರ ಇಳಿಯಲಿ ಎಂದು ಕಾಯುವವರಿದ್ದೀರಿ. ಮಗಳ ಫೀಸಿಗೆ, ತಾಯಿಯ ಕಣ್ಣಿನ ಆಪರೇಷನ್ನಿಗೆ "ಸ್ವಲ್ಪ ತಡಿ, ರೇಟು ಬರಲಿ" ಎಂದವರು ಈ ಮಂಟಪದಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ. ನಿಮಗೆ ಗೊತ್ತಿದ್ದರೆ ಸಾಕು.

ನಾಳೆಯಿಂದ ಹೀಗೆ ಮಾಡಿ. ಊಟಕ್ಕೆ ಔಷಧಿಗೆ ಬೇಕಾದ್ದನ್ನು ಬೇರೆ ತೆಗೆದಿಡಿ. ಅದು ಆಟಕ್ಕಿಲ್ಲ, ಎಂಥ ಗೆಳೆಯ ಎಂಥ ಆಸೆ ತೋರಿಸಿದರೂ ಇಲ್ಲ. ಬೆಳೆಯಲು ಹಾಕಿದ್ದನ್ನು ಬೆಳೆಯಲು ಬಿಡಿ, ದಿನಾ ಕಿತ್ತು ಬೇರು ನೋಡಬೇಡಿ. ಪೂಜೆಗೆ ಕೂತಾಗ ಫೋನು ಇನ್ನೊಂದು ಕೋಣೆಯಲ್ಲಿರಲಿ. ಮನೆಯಲ್ಲಿ ಯಾರಾದರೂ ಕರೆದರೆ ಒಂದು ನಿಮಿಷ ಎನ್ನಬೇಡಿ, ಎದ್ದು ಹೋಗಿ. ಮನೆಯ ಯಾವ ಖರ್ಚಾದರೂ ತನ್ನಷ್ಟಕ್ಕೆ ಕಡಿಮೆಯಾಗಿದ್ದರೆ ಸಂತೋಷಪಡುವ ಮುಂಚೆ ಯಾಕೆ ಎಂದು ಕೇಳಿ. ಯಾರೋ ಹಸಿದಿರಬಹುದು.

ಇನ್ನೊಂದನ್ನು ನಾಳೆಗೆ ಇಡಬೇಡಿ. ಈಗ ಇಲ್ಲಿಂದ ಎದ್ದು ಮನೆಗೆ ಹೋಗುತ್ತೀರಿ, ಕೈಕಾಲು ತೊಳೆಯುತ್ತೀರಿ, ಮನೆಯವರು ನಿಮಗೆ ಬಡಿಸಲು ಬರುತ್ತಾರೆ. ಹೆಂಡತಿಗೋ ಗಂಡನಿಗೋ ಅಕ್ಕನಿಗೋ ತಾಯಿಗೋ ಹೇಳದೆ ಒಬ್ಬರೇ ಹೊತ್ತು ಅಂಜುತ್ತಿರುವುದು ಏನಾದರೂ ಇದ್ದರೆ, ಅದನ್ನು ಇವತ್ತು ಹೇಳಿ. ಬೈಸಿಕೊಳ್ಳಬೇಕಾದರೆ ಬೈಸಿಕೊಳ್ಳಿ. ಹೇಳಿದ ಮೇಲೆ ತಟ್ಟೆಗೆ ಕೈ ಹಾಕಿ.